ಲ್ಯಾಬ್‌ವ್ಯೂ ಶೇರ್ಡ್ ವೇರಿಯೇಬಲ್: ಸಾವಿರ ಟ್ಯಾಗುಗಳ ಪ್ರಾಜೆಕ್ಟಿನಲ್ಲಿ ಬಳಸಿದ ಮೇಲೆ

ಕೈಗಾರಿಕಾ ನಿಯಂತ್ರಣದ ತಂತ್ರಾಂಶದಲ್ಲಿ ಹತ್ತಿಪ್ಪತ್ತು ವೇರಿಯೇಬಲ್‌ಗಳು, ಅಂದರೆ ಹೆಸರಿಟ್ಟ ಮೌಲ್ಯಗಳು (ಟ್ಯಾಗುಗಳು), ಇರುವವರೆಗೆ ಯಾವ ಸಾಧನವಾದರೂ ನಡೆದೀತು. ಒತ್ತಡ, ಉಷ್ಣಾಂಶ, ವಾಲ್ವಿನ ಸ್ಥಿತಿ, ಮೋಟಾರಿಗೆ ಕೊಡುವ ಆಜ್ಞೆ, ಅಲಾರಂ ಮಿತಿ ಎಂದು ಪಟ್ಟಿ ಬೆಳೆದು ಸಾವಿರ ದಾಟಿದಾಗ, ಆ ಸಾವಿರವನ್ನೂ ಎರಡು ಮೂರು ಕಂಟ್ರೋಲರುಗಳು ಮತ್ತು ನಾಲ್ಕೈದು ಆಪರೇಟರ್ ಪರದೆಗಳು ಏಕಕಾಲಕ್ಕೆ ಓದಿ ಬರೆಯತೊಡಗಿದಾಗ, ಸಾಧನದ ಹುರುಳೇನೆಂಬುದು ಬಯಲಾಗುತ್ತದೆ. ಚಿತ್ರರೂಪದಲ್ಲಿ ಪ್ರೋಗ್ರಾಮ್ ಬರೆಯುವ ಲ್ಯಾಬ್‌ವ್ಯೂ ತಂತ್ರಾಂಶದ ಶೇರ್ಡ್ ವೇರಿಯೇಬಲ್ ಸೌಲಭ್ಯವನ್ನು, ಅಂದರೆ ಒಂದು ಮೌಲ್ಯವನ್ನು ಜಾಲದ ಹಲವು ಗಣಕಗಳು ಹಂಚಿಕೊಳ್ಳುವ ಏರ್ಪಾಡನ್ನು, ಇಲ್ಲಿ ಆ ಒಂದು ದೃಷ್ಟಿಯಿಂದ ಮಾತ್ರ ನೋಡಿದ್ದೇನೆ. 1986ರಲ್ಲಿ ಹೊರಬಂದ ಲ್ಯಾಬ್‌ವ್ಯೂಗೆ ಈ ಸೌಲಭ್ಯ ಸೇರಿದ್ದು 2005ರ 8.0 ಆವೃತ್ತಿಯಲ್ಲಿ. ಅದನ್ನು ತಯಾರಿಸುವ ಎನ್‌ಐ (ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್) ಸಂಸ್ಥೆ 2023ರಲ್ಲಿ ಎಮರ್ಸನ್ ಕಂಪನಿಯ ಪಾಲಾಗಿದ್ದರೂ ಸೌಲಭ್ಯದ ಮೂಲ ರಚನೆ ಹಾಗೆಯೇ ಉಳಿದಿದೆ.

ರಚನೆ ಸರಳವಾಗಿದೆ. ಪ್ರಾಜೆಕ್ಟಿನ ಒಂದು ಲೈಬ್ರರಿಯೊಳಗೆ, ಅಂದರೆ ವೇರಿಯೇಬಲ್‌ಗಳನ್ನು ಒಟ್ಟಿಗೆ ಇಡುವ ಕಟ್ಟಿನೊಳಗೆ, ವೇರಿಯೇಬಲ್ ಸೃಷ್ಟಿಸಿ, ಅದನ್ನು ಪ್ರೋಗ್ರಾಮನ್ನು ಚಿತ್ರವಾಗಿ ಬರೆಯುವ ಬ್ಲಾಕ್ ಡಯಾಗ್ರಾಮಿಗೆ ಎಳೆದು ಹಾಕಿದರೆ, ಜಾಲದ ಇನ್ನೊಂದು ತುದಿಯಲ್ಲಿರುವ ಕಂಟ್ರೋಲರಿನ ಮೌಲ್ಯ ಒಂದು ತಂತಿಯಾಗಿ ಕೈಗೆ ಬರುತ್ತದೆ. ಹಿನ್ನೆಲೆಯಲ್ಲಿ ಶೇರ್ಡ್ ವೇರಿಯೇಬಲ್ ಎಂಜಿನ್ ಎಂಬ ಸೇವೆ ಮೌಲ್ಯಗಳನ್ನು ಇಟ್ಟುಕೊಂಡು, ಕೇಳಿದವರಿಗೆ ಪಿಎಸ್‌ಪಿ ಎಂಬ ಪ್ರೋಟೋಕಾಲಿನ ಮೂಲಕ ಹಂಚುತ್ತದೆ. ಜಾಲದ ಟಿಸಿಪಿ ಸಂಪರ್ಕ ತೆರೆಯುವುದು, ಕಡಿದರೆ ಮತ್ತೆ ಜೋಡಿಸುವುದು, ಬೈಟುಗಳನ್ನು ಕಟ್ಟಿ ಬಿಚ್ಚುವುದು, ಇವೆಲ್ಲವನ್ನೂ ಕೈಯಾರೆ ಬರೆದು ದಣಿದವರಿಗೆ ಇದು ಎಷ್ಟು ದೊಡ್ಡ ಬಿಡುಗಡೆಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸಂಖ್ಯೆ ಹೆಚ್ಚಾದಾಗ ನೆರವಿಗೆ ಬರುವುದು ಮಲ್ಟಿಪಲ್ ವೇರಿಯೇಬಲ್ ಎಡಿಟರ್. ಸಾಲಿಗೊಂದು ವೇರಿಯೇಬಲ್, ಅಂಕಣಕ್ಕೊಂದು ಗುಣ ಎಂಬಂತೆ ಕೋಷ್ಟಕದ ರೂಪದಲ್ಲಿ ತೆರೆದುಕೊಳ್ಳುವ ಈ ಕಿಟಕಿಯಲ್ಲಿ, ಒಂದೊಂದರ ಡೈಲಾಗ್ ತೆರೆದು ಮುಚ್ಚುವ ಕೆಲಸ ತಪ್ಪುತ್ತದೆ. ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ಕಡತವಾಗಿ ಹೊರತೆಗೆದು, ಸ್ಪ್ರೆಡ್‌ಶೀಟಿನಲ್ಲಿ ತಿದ್ದಿ, ಮರಳಿ ಒಳಗೆ ತರಲೂ ಬಹುದು. ಒಂದು ಪಂಪಿಗೆ ಹದಿನಾಲ್ಕು ಟ್ಯಾಗ್, ಅಂಥ ಪಂಪುಗಳು ನಲವತ್ತು ಎಂದಾದರೆ, ಮೊದಲ ಹದಿನಾಲ್ಕು ಸಾಲುಗಳನ್ನು ಎಚ್ಚರದಿಂದ ಬರೆದು ಉಳಿದವನ್ನು ಸ್ಪ್ರೆಡ್‌ಶೀಟಿನ ಸೂತ್ರದಿಂದಲೇ ಹುಟ್ಟಿಸಬಹುದು. ವಾರದ ಕೆಲಸ ಹೀಗೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆದರೆ ಸ್ಪ್ರೆಡ್‌ಶೀಟಿಗೆ ತನ್ನದೇ ಬುದ್ಧಿಯಿರುವುದನ್ನು ಮರೆಯಬಾರದು. ವಿವರಣೆಯ ಅಂಕಣದಲ್ಲಿ 0012 ಎಂದಿದ್ದ ಉಪಕರಣ ಸಂಖ್ಯೆ ಅಲ್ಲಿ ತೆರೆದು ಉಳಿಸಿದೊಡನೆ ಬರಿಯ 12 ಆಗುತ್ತದೆ. 2E5 ಎಂಬ ಗುರುತಿನ E ಅನ್ನು ಹತ್ತರ ಘಾತವೆಂದು ಓದಿ ಅದು ಎರಡು ಲಕ್ಷ ಎಂಬ ಸಂಖ್ಯೆಯಾಗುತ್ತದೆ. ಆ ಅಂಕಣವನ್ನು ಮೊದಲೇ ಪಠ್ಯವೆಂದು ಗೊತ್ತುಪಡಿಸಿಕೊಳ್ಳಬೇಕು. ಹೆಸರಿಡುವಾಗಲೂ ಪಂಪ್_2 ಎಂದು ಬರೆಯದೆ ಪಂಪ್_02 ಎಂದೇ ಬರೆಯುವುದು ಲೇಸು. ಇಲ್ಲವಾದರೆ ಅಕ್ಷರಕ್ರಮದಲ್ಲಿ ಜೋಡಿಸಿದಾಗ ಹತ್ತನೆಯ ಪಂಪು ಎರಡನೆಯದಕ್ಕಿಂತ ಮುಂದೆ ಬಂದು ನಿಲ್ಲುತ್ತದೆ, ನಡುರಾತ್ರಿ ದೋಷ ಹುಡುಕುವವರ ಕಣ್ಣು ತಪ್ಪುವುದು ಅಲ್ಲಿಯೇ.

ಸೃಷ್ಟಿಸುವುದು ಸುಲಭವಾದಷ್ಟು ಅವುಗಳನ್ನು ಬದಲಿಸುವುದು ಸುಲಭವಲ್ಲ. ವೇರಿಯೇಬಲ್‌ಗಳು ಎಂಜಿನ್ನಿಗೆ ಹೋಗಿ ಕೂರುವುದು, ಅಂದರೆ ಡಿಪ್ಲಾಯ್ ಆಗುವುದು, ಲೈಬ್ರರಿಯ ಲೆಕ್ಕದಲ್ಲಿ. ಒಂದೇ ಒಂದು ವೇರಿಯೇಬಲ್ಲಿನ ಬಫರ್ (ಮೌಲ್ಯಗಳನ್ನು ತಾತ್ಕಾಲಿಕವಾಗಿ ಕೂಡಿಡುವ ಜಾಗ) ಗಾತ್ರ ಬದಲಿಸಿದರೂ ಇಡೀ ಲೈಬ್ರರಿಯನ್ನು ಮತ್ತೆ ಡಿಪ್ಲಾಯ್ ಮಾಡಬೇಕಾಗುತ್ತದೆ. ಸಾವಿರ ಟ್ಯಾಗುಗಳನ್ನು ಒಂದೇ ಲೈಬ್ರರಿಗೆ ತುಂಬಿದವರು, ಯಂತ್ರ ಓಡುತ್ತಿರುವಾಗ ಚಿಕ್ಕದೊಂದು ತಿದ್ದುಪಡಿ ಮಾಡಲೂ ಹಿಂಜರಿಯುವ ಸ್ಥಿತಿಗೆ ಬರುತ್ತಾರೆ. ಆದ್ದರಿಂದ ಉಪಕರಣದ ಗುಂಪಿಗೊಂದರಂತೆ ಲೈಬ್ರರಿ ಒಡೆಯುವುದು ಮೊದಲ ದಿನವೇ ಆಗಬೇಕಾದ ಕೆಲಸ. ಒಮ್ಮೆ ಡಿಪ್ಲಾಯ್ ಆದ ಲೈಬ್ರರಿ, ಲ್ಯಾಬ್‌ವ್ಯೂ ಮುಚ್ಚಿದರೂ ಗಣಕವನ್ನು ಮರುಚಾಲನೆ ಮಾಡಿದರೂ ಅಲ್ಲಿಯೇ ಇರುತ್ತದೆ. ಹಳೆಯ ಪ್ರಾಜೆಕ್ಟಿನ ಲೈಬ್ರರಿಗಳನ್ನು ತೆಗೆದುಹಾಕುವ ಅಭ್ಯಾಸವಿಲ್ಲದ ಗಣಕದಲ್ಲಿ ಯಾರೂ ಕೇಳದ ಮೌಲ್ಯಗಳು ವರ್ಷಗಟ್ಟಲೆ ಕುಳಿತಿರುತ್ತವೆ.

ಈ ಸೌಲಭ್ಯದ ಬಗ್ಗೆ ನನ್ನ ಮುಖ್ಯ ತಕರಾರು ಬೇರೆಯದು. ಒಂದು ವೇರಿಯೇಬಲ್ಲಿನ ಹೆಸರು, ಬಗೆ, ಬಫರ್ ಎಲ್ಲವನ್ನೂ ಎಡಿಟರ್ ತೋರಿಸುತ್ತದೆ. ಅದನ್ನು ಬರೆಯುವ ಅಧಿಕಾರ ಯಾರದು ಎಂಬುದನ್ನು ಮಾತ್ರ ತೋರಿಸುವುದಿಲ್ಲ. ಒಂದು ಪರೀಕ್ಷಾ ಘಟಕದಲ್ಲಿ, ಪಂಪಿನ ಚಾಲನಾ ಆಜ್ಞೆಯ ವೇರಿಯೇಬಲ್ಲನ್ನು ಅನುಕ್ರಮ ನಡೆಸುವ ಪ್ರೋಗ್ರಾಮ್ ಬರೆಯುತ್ತಿತ್ತು. ಆಪರೇಟರ್ ಪರದೆಯ ಆರಂಭದ ಭಾಗವನ್ನು ಬರೆದವನು ನಾನು; ಪರದೆ ತೆರೆದಾಗ ಗುಂಡಿಗಳೆಲ್ಲ ಒಂದೇ ಸ್ಥಿತಿಯಲ್ಲಿರಲಿ ಎಂದು ಎಲ್ಲ ಆಜ್ಞೆಗಳಿಗೂ ‘ಇಲ್ಲ’ ಎಂಬ ಮೌಲ್ಯವನ್ನು ಬರೆಸಿದ್ದೆ. ಪರದೆಯನ್ನು ಮುಚ್ಚಿ ಮತ್ತೆ ತೆರೆದ ಪ್ರತಿ ಸಲವೂ ಓಡುತ್ತಿದ್ದ ಪಂಪು ನಿಲ್ಲುತ್ತಿತ್ತು. ವೈರಿಂಗ್, ರಿಲೇ, ವಿದ್ಯುತ್ ಪೂರೈಕೆ ಎಲ್ಲವನ್ನೂ ಎರಡು ದಿನ ಶಂಕಿಸಿದ ಮೇಲೆ ತಪ್ಪು ನನ್ನ ಆ ಒಂದು ಸಾಲಿನಲ್ಲಿದೆಯೆಂದು ತಿಳಿಯಿತು.

ಇದಕ್ಕೆಂದೇ ‘ಸಿಂಗಲ್ ರೈಟರ್’ ಎಂಬ ಆಯ್ಕೆಯಿದೆಯಲ್ಲ ಎಂದು ಬಲ್ಲವರು ಕೇಳಬಹುದು. ಆಯ್ಕೆಯೇನೋ ಇದೆ. ಅದು ಒಂದು ಸಮಯಕ್ಕೆ ಒಂದೇ ಟಾರ್ಗೆಟ್ಟಿನಿಂದ ಬರುವ ಬರಹವನ್ನು ಒಪ್ಪುತ್ತದೆ, ಅಂದರೆ ಒಂದು ಗಣಕ ಅಥವಾ ಒಂದು ಕಂಟ್ರೋಲರ್ ಎಂಬ ಮಟ್ಟದಲ್ಲಿ ಕಾಯುತ್ತದೆ. ನನ್ನ ಪರದೆಯೂ ಅನುಕ್ರಮದ ಪ್ರೋಗ್ರಾಮೂ ಒಂದೇ ಗಣಕದಲ್ಲಿದ್ದುದರಿಂದ ಅದು ಅಲ್ಲಿ ಪ್ರಯೋಜನಕ್ಕೆ ಬರುವಂತಿರಲಿಲ್ಲ. ಅಂದಿನಿಂದ ನಮ್ಮ ಸಿಎಸ್‌ವಿ ಕಡತದ ವಿವರಣೆಯ ಅಂಕಣ ಯಾವಾಗಲೂ ‘ಬರೆಯುವವರು:’ ಎಂಬ ಪದದಿಂದಲೇ ಆರಂಭವಾಗುತ್ತದೆ. ಬರೆಯುವವರ ಹೆಸರಿಲ್ಲದ ಸಾಲು ಡಿಪ್ಲಾಯ್ ಆಗುವುದಿಲ್ಲ ಎಂಬ ಕಟ್ಟಳೆಯನ್ನು ನಾವೇ ಮಾಡಿಕೊಂಡೆವು; ಸಾಧನ ಅದನ್ನು ಒತ್ತಾಯಿಸಲಾರದು.

ಸಂಖ್ಯೆ ತಗ್ಗಿಸಲು ಇನ್ನೊಂದು ಉಪಾಯ ಹಲವರಿಗೆ ಹೊಳೆಯುತ್ತದೆ: ಪಂಪಿನ ಹದಿನಾಲ್ಕು ಮೌಲ್ಯಗಳನ್ನು ಒಂದು ಕ್ಲಸ್ಟರಿನಲ್ಲಿ ಕಟ್ಟಿ ಒಂದೇ ವೇರಿಯೇಬಲ್ ಮಾಡುವುದು. ಪಟ್ಟಿ ಚಿಕ್ಕದಾಗುತ್ತದೆ, ನೋಡಲು ಅಚ್ಚುಕಟ್ಟಾಗಿರುತ್ತದೆ. ಆದರೆ ಒಂದು ಮೌಲ್ಯ ಬದಲಿಸಬೇಕಾದವರು ಇಡೀ ಕ್ಲಸ್ಟರನ್ನು ಓದಿ, ತಮ್ಮ ಭಾಗ ತಿದ್ದಿ, ಇಡಿಯಾಗಿ ಮರಳಿ ಬರೆಯಬೇಕು. ಓದಿದ್ದಕ್ಕೂ ಬರೆದದ್ದಕ್ಕೂ ನಡುವಿನ ಕೆಲವೇ ಮಿಲಿಸೆಕೆಂಡುಗಳಲ್ಲಿ ಇನ್ನೊಬ್ಬರು ಬೇರೊಂದು ಭಾಗ ತಿದ್ದಿದ್ದರೆ ಅವರ ತಿದ್ದುಪಡಿ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಬರೆಯುವವರು ಒಬ್ಬರೇ ಆಗಿದ್ದಲ್ಲಿ, ಉದಾಹರಣೆಗೆ ಕಂಟ್ರೋಲರಿನಿಂದ ಹೊರಬರುವ ಅಳತೆಗಳಿಗೆ, ಕ್ಲಸ್ಟರ್ ಒಳ್ಳೆಯ ಆಯ್ಕೆಯೇ. ಆಜ್ಞೆಗಳನ್ನು ಮಾತ್ರ ಎಂದಿಗೂ ಹೀಗೆ ಕಟ್ಟಬಾರದು.

ವೇಗದ ವಿಷಯದಲ್ಲಿ ನಿರೀಕ್ಷೆಯನ್ನು ತಿಳಿದು ಇಟ್ಟುಕೊಳ್ಳಬೇಕು. ಕಳುಹಿಸಬೇಕಾದ ಮೌಲ್ಯಗಳನ್ನು ಪ್ರೋಟೋಕಾಲ್ ಒಂದು ಬಫರಿನಲ್ಲಿ ಕೂಡಿಟ್ಟು, 8 ಕಿಲೋಬೈಟ್ ತುಂಬಿದಾಗ ಅಥವಾ 10 ಮಿಲಿಸೆಕೆಂಡ್ ಕಳೆದಾಗ ಒಟ್ಟಿಗೆ ರವಾನಿಸುತ್ತದೆ. ನೂರಾರು ಟ್ಯಾಗುಗಳಿರುವಲ್ಲಿ ಇದು ಜಾಣತನದ ಏರ್ಪಾಡು. ತುರ್ತಿದ್ದರೆ ಬಫರನ್ನು ಕೂಡಲೇ ಖಾಲಿ ಮಾಡಿಸುವ ಫಂಕ್ಷನ್ ಕೂಡ ಇದೆ. ನಿಯತ ಕಾಲಕ್ಕೆ ತಪ್ಪದೆ ಮರುಕಳಿಸುವ ಲೂಪಿನೊಳಗೆ ಬಳಸುವಾಗ ರಿಯಲ್‌ಟೈಮ್ ಫಿಫೋ (ಮೊದಲು ಬಂದದ್ದು ಮೊದಲು ಹೊರಡುವ ಸಾಲು) ಆಯ್ಕೆಯನ್ನು ಹಚ್ಚಲೇಬೇಕು. ಇನ್ನು, ಪ್ರೋಗ್ರಾಮ್ ಆರಂಭವಾದಾಗ ಸಂಪರ್ಕ ಕೂಡಿಕೊಳ್ಳುವ ಮೊದಲೇ ನಡೆದ ಓದಿಗೆ ಸಿಗುವುದು ಬರಿಯ ಡೀಫಾಲ್ಟ್ ಮೌಲ್ಯ. ದೋಷದ ಸೂಚನೆ ತರುವ ಎರರ್ ತಂತಿಯನ್ನು ನೋಡದೆ ಅದನ್ನು ನಂಬಿದವರ ಪರದೆಯ ಮೇಲೆ ತುಂಬಿದ ಟ್ಯಾಂಕಿನ ಒತ್ತಡ ಸೊನ್ನೆಯೆಂದು ಕಾಣಿಸುತ್ತದೆ. ಒಂದು ಮಾದರಿಯೂ ಕಳೆಯದಂತೆ ಅಲೆಯ ದತ್ತಾಂಶವನ್ನು ಸಾಗಿಸಬೇಕಾದರೆ ಅದು ಇದರ ಕೆಲಸವೇ ಅಲ್ಲ, ಅದಕ್ಕೆ ನೆಟ್‌ವರ್ಕ್ ಸ್ಟ್ರೀಮ್ ಇದೆ.

ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ ಮ್ಯಾನೇಜರ್ ಎಂಬ ಜೊತೆಸಾಧನದಲ್ಲಿ ಜಾಲದ ಮೇಲಿನ ಎಲ್ಲ ವೇರಿಯೇಬಲ್‌ಗಳ ಈಗಿನ ಮೌಲ್ಯವನ್ನು ಕೋಡ್ ತೆರೆಯದೆಯೇ ನೋಡಬಹುದು. ನಾನು ದಿನಕ್ಕೆ ಹತ್ತು ಸಲ ತೆರೆಯುವ ಕಿಟಕಿ ಅದು. ಅಲಾರಂ, ದತ್ತಾಂಶ ದಾಖಲೆ ಬೇಕಾದವರಿಗೆ ಡಿಎಸ್‌ಸಿ ಮಾಡ್ಯೂಲ್ ಎಂಬ ಸೇರ್ಪಡೆ ಬೇಕಾಗುತ್ತದೆ.

ಹೋಲಿಕೆಗೆ, ಕೈಗಾರಿಕಾ ಕಂಟ್ರೋಲರುಗಳಿಗೆ ಪ್ರೋಗ್ರಾಮ್ ಬರೆಯುವ ಕೋಡೆಸಿಸ್ ತಂತ್ರಾಂಶದ ನೆಟ್‌ವರ್ಕ್ ವೇರಿಯೇಬಲ್ ಪಟ್ಟಿಯನ್ನು ನೋಡಬಹುದು. ಅಲ್ಲಿ ಪ್ರತಿ ಪಟ್ಟಿಗೂ ಕಳುಹಿಸುವ ಬದಿ ಒಂದು, ಪಡೆಯುವ ಬದಿ ಇನ್ನೊಂದು ಎಂದು ರಚನೆಯಲ್ಲೇ ನಿಗದಿಯಾಗಿರುತ್ತದೆ. ಯುಡಿಪಿ ಪ್ರೋಟೋಕಾಲಿನ ಮೇಲೆ ನಡೆಯುವುದರಿಂದ ತಲುಪಿತೆಂಬ ಖಾತರಿ ಕಡಿಮೆಯಾದರೂ, ಒಡೆತನದ ಪ್ರಶ್ನೆಗೆ ಅದು ಕೊಡುವ ಉತ್ತರ ನನಗೆ ಹೆಚ್ಚು ಹಿಡಿಸುತ್ತದೆ. ಲ್ಯಾಬ್‌ವ್ಯೂ ಒಳಗೇ ಉಳಿಯುವವರಿಗೆ ನನ್ನ ಸಲಹೆಯಿಷ್ಟು: ಜಾಲ ದಾಟಬೇಕಾದ ಟ್ಯಾಗುಗಳಿಗೆ ಮಾತ್ರ ಶೇರ್ಡ್ ವೇರಿಯೇಬಲ್ ಬಳಸಿ, ಒಂದೇ ಕಂಟ್ರೋಲರಿನೊಳಗೆ ಓಡಾಡುವವನ್ನು ಮೌಲ್ಯಗಳನ್ನು ಒಂದು ಕೋಷ್ಟಕದಲ್ಲಿ ಇಟ್ಟುಕೊಳ್ಳುವ, ಎನ್‌ಐ ಉಚಿತವಾಗಿ ಕೊಡುವ ಕರೆಂಟ್ ವ್ಯಾಲ್ಯೂ ಟೇಬಲ್ ಲೈಬ್ರರಿಗೆ ಒಪ್ಪಿಸಬೇಕು. ನಮ್ಮ ಪಟ್ಟಿಯನ್ನು ಹಾಗೆ ಸೋಸಿ ನೋಡಿದಾಗ ಮೂರರಲ್ಲಿ ಎರಡು ಪಾಲು ಟ್ಯಾಗುಗಳಿಗೆ ಕಂಟ್ರೋಲರನ್ನು ಬಿಟ್ಟು ಹೊರಬರುವ ಅಗತ್ಯವೇ ಇರಲಿಲ್ಲ.