ಫಿಲಂ ರೋಲ್ ಹಿಡಿದು ವಿಮಾನ ಹತ್ತುವವರೇ, ಆ ಹೊಸ ಸ್ಕ್ಯಾನರ್ ಹತ್ತಿರ ಹುಷಾರು

ಫಿಲಂ ಕ್ಯಾಮೆರಾ ಜೊತೆ ವಿದೇಶಕ್ಕೆ ಹೊರಟಿದ್ದರೆ ಇದನ್ನು ಓದಿಕೊಂಡೇ ಹೊರಡಿ. ವಿಮಾನ ನಿಲ್ದಾಣಗಳ ಸೆಕ್ಯುರಿಟಿ ಚೆಕ್‌ನಲ್ಲಿ ಕೈಚೀಲ ನೋಡುವುದಕ್ಕೆ ಹೊಸ ಥರದ ಯಂತ್ರ ಬರುತ್ತಿದೆ. ಆಸ್ಪತ್ರೆಯ ಸಿಟಿ ಸ್ಕ್ಯಾನ್ ಇದೆಯಲ್ಲ, ಅದೇ ತಂತ್ರ. ತೊಳೆಸದ ಫಿಲಂ, ಅಂದರೆ ಲ್ಯಾಬಿನಲ್ಲಿ ಕೆಮಿಕಲ್‌ಗೆ ಹಾಕಿ ಇನ್ನೂ ಚಿತ್ರ ಮೂಡಿಸದ ಫಿಲಂ, ಅದರೊಳಗೆ ಒಂದೇ ಸಲ ಹೋದರೂ ಕೆಡಬಹುದು. ನಮ್ಮದು ಕೆಟ್ಟಿತು. ಅದೂ ನಾವು ಬೇಡ ಬೇಡ ಅಂತ ಹೇಳುತ್ತಿರುವಾಗಲೇ.

ನಾನೂ ನನ್ನ ಗಂಡನೂ ಫಿಲಂನಲ್ಲಿ ಫೋಟೋ ತೆಗೆಯುವವರು. ದೊಡ್ಡ ಕಲೆ ಅಂತೇನಿಲ್ಲ. ಗಾಂಧಿಬಜಾರಿನ ಹೂವಿನ ಅಂಗಡಿ, ಸ್ಯಾಂಕಿ ಕೆರೆಯ ಸಂಜೆ, ಮಾರ್ಚ್‌ನಲ್ಲಿ ಬೆಂಗಳೂರಿನ ರಸ್ತೆಯೆಲ್ಲ ಗುಲಾಬಿ ಮಾಡುವ ಟಬೇಬುಯಾ ಮರಗಳು, ದೋಸೆ ತಿನ್ನುವ ಇವರು, ಇವರು ತೆಗೆದ ನಿದ್ದೆಗಣ್ಣಿನ ನಾನು. ಒಂದು ರೋಲ್‌ನಲ್ಲಿ 36 ಫೋಟೋ. ಮುಗಿಯೋಕೆ ತಿಂಗಳಾದರೂ ಆದೀತು. ಹಾಗಾಗಿ ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಸುತ್ತಲು ಹೊರಟಾಗ ಕ್ಯಾಮೆರಾದಲ್ಲಿ ಅರ್ಧ ಮುಗಿದ ರೋಲ್ ಇತ್ತು. ಮೊದಲರ್ಧ ಮಲ್ಲೇಶ್ವರ, ಉಳಿದರ್ಧ ಡೆಲ್ಫ್ಟ್‌ನ ಕಾಲುವೆಗಳು.

ಹೋಗುವಾಗ ಬೆಂಗಳೂರಿನಲ್ಲಿ ತೊಂದರೆ ಆಗಲಿಲ್ಲ. ಕೈಯಲ್ಲೇ ನೋಡಿ ಅಂತ ಕೇಳಿದೆವು. ವಯಸ್ಸಾದ ಸಿಐಎಸ್‌ಎಫ್ ಅಧಿಕಾರಿಯೊಬ್ಬರು ಪ್ಯಾಕೆಟ್ ತಿರುಗಿಸಿ ನೋಡಿ, ನಕ್ಕು, ವಾಪಸ್ ಕೊಟ್ಟರು. ಪಕ್ಕದಲ್ಲಿದ್ದ ಹುಡುಗ ಮಾತ್ರ ಇದೇನು ಬ್ಯಾಟರಿನಾ ಅಂತ ಕೇಳಿದ. ಪಾಪ, ಅವನು ಹುಟ್ಟುವಾಗಲೇ ರೀಲಿನ ಕಾಲ ಮುಗಿಯುತ್ತಾ ಬಂದಿತ್ತು.

ಅಲ್ಲಿ ಚೆನ್ನಾಗಿ ಸುತ್ತಿದೆವು. ಕ್ಯೂಕೆನ್‌ಹಾಫ್‌ನ ಟುಲಿಪ್ ತೋಟ, ಏಪ್ರಿಲ್ 27ರ ರಾಜನ ದಿನ, ಊರಿಗೆ ಊರೇ ಕಿತ್ತಳೆ ಬಟ್ಟೆ ತೊಟ್ಟು ಬೀದಿಯಲ್ಲಿ ಹಳೇ ಸಾಮಾನು ಮಾರುವುದು. ರಾಟರ್‌ಡ್ಯಾಮ್‌ನಿಂದ ದೋಣಿಯಲ್ಲಿ ಕಿಂಡರ್‌ಡೈಕ್‌ಗೆ ಹೋದೆವು. ಅಲ್ಲಿ 19 ಗಾಳಿಯಂತ್ರಗಳಿವೆ, ಹೆಚ್ಚಿನವು 1740ರ ಸುಮಾರಿನವು. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಅವತ್ತು ಮೋಡ ಕವಿದಿತ್ತು. ಇವರು ಇಲ್ಫರ್ಡ್ ಎಚ್‌ಪಿ5 ಕಪ್ಪುಬಿಳುಪು ಹಾಕಿಕೊಂಡು ಕೂತು ಕೂತು ತೆಗೆದರು. ಬಣ್ಣಕ್ಕೆ ನಮ್ಮದು ಕೊಡಕ್ ಗೋಲ್ಡ್ 200. ಬೆಲ್ಜಿಯಂನ ಗೆಂಟ್‌ನಲ್ಲಿ ಎರಡು ದಿನ ನಿಂತಿದ್ದರಿಂದ ಮುಗಿದಿದ್ದ ಒಂದೆರಡು ರೋಲ್ ಅಲ್ಲೇ ತೊಳೆಸಿದೆವು. ಸುಮ್ನೆ, ನೋಡುವ ಆಸೆಗೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಾಪಸ್ ವಿಮಾನ ಬೇರೊಂದು ದೇಶದಿಂದ. ರೈಲಿನಲ್ಲಿ ಹೋಗಿ ಹತ್ತಬೇಕಿತ್ತು. ನಿಲ್ದಾಣದ ಹೆಸರು ಬರೆಯುವುದಿಲ್ಲ. ನಾಳೆ ಇನ್ನೊಂದು ನಿಲ್ದಾಣದಲ್ಲೂ ಇದೇ ಆಗಬಹುದು, ಹೆಸರು ನೋಡಿ ಯಾರೂ ನಿರಾಳ ಆಗುವುದು ಬೇಡ.

ಸಾಲಿನಲ್ಲಿ ಇದ್ದಾಗಲೇ ಒಂದು ಸೂಚನೆ ಕೇಳಿಸಿತು. ಲ್ಯಾಪ್‌ಟಾಪ್ ತೆಗೆಯಬೇಡಿ, ನೀರಿನ ಬಾಟಲಿ, ಕ್ರೀಮು ಎಲ್ಲ ಚೀಲದಲ್ಲೇ ಇರಲಿ. ಎಲ್ಲರಿಗೂ ಖುಷಿ. ನನಗೆ ಎದೆ ಧಸಕ್ ಅಂತು. ಯಾಕೆಂದರೆ ಲ್ಯಾಪ್‌ಟಾಪ್ ತೆಗೆಯುವುದು ಬೇಡ ಅಂದರೆ ಹೆಚ್ಚುಕಮ್ಮಿ ಅದು ಸಿಟಿ ಯಂತ್ರ ಅಂತಲೇ ಅರ್ಥ. ರೋಲ್‌ಗಳನ್ನು ಡಬ್ಬಿಯಿಂದ ತೆಗೆದು ಜಿಪ್ ಕವರಿಗೆ ಹಾಕಿಟ್ಟಿದ್ದೆ. ಕವರನ್ನು ಕೈಯಲ್ಲಿ ಎತ್ತಿ ಹಿಡಿದು ಹ್ಯಾಂಡ್ ಚೆಕ್ ಮಾಡಿ ಅಂತ ಕೇಳಿದೆ. ಅಲ್ಲಿದ್ದಾತ ಗೋಡೆಯ ಕಡೆ ಬೆರಳು ತೋರಿಸಿದ. ಐಎಸ್‌ಒ 800ರವರೆಗಿನ ಫಿಲಂಗೆ ತೊಂದರೆ ಇಲ್ಲ ಅಂತ ಬೋರ್ಡ್. (ಐಎಸ್‌ಒ ಅಂದರೆ ಫಿಲಂ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ.) ಅಂಚು ಸುಲಿದು, ಬಣ್ಣ ಹೋಗಿ, ಎಷ್ಟೋ ವರ್ಷದಿಂದ ಅಲ್ಲೇ ಇದ್ದಂತೆ ಕಾಣುತ್ತಿತ್ತು. ಯಂತ್ರ ಮಾತ್ರ ಹೊಸದು.

"ಅದು ಹಳೇ ಎಕ್ಸ್‌ರೇಗೆ, ಇದು ಸಿಟಿ" ಅಂತ ಇವರು ಹೇಳಿದರು. ಆತ ಸೂಪರ್‌ವೈಸರನ್ನು ಕರೆದ. ಆಕೆಯೂ ಅದೇ ಬೋರ್ಡ್ ತೋರಿಸಿದಳು. ಪಕ್ಕದ ಸಾಲಿನಲ್ಲಿ ಹಳೇ ಯಂತ್ರ ಇದ್ದರೆ ಅಲ್ಲಿಗೆ ಹೋಗುತ್ತೇವೆ ಅಂದೆವು. ಆ ಹೊತ್ತಿಗೆ ಹಿಂದಿನವರು ಗೊಣಗತೊಡಗಿದ್ದರು. "ಹೋಗಲಿ ಬಿಡೇ, ವಿಮಾನ ತಪ್ಪಿಹೋಗುತ್ತೆ" ಅಂದರು ಇವರು. ಅಷ್ಟರಲ್ಲಿ ಆಕೆ ನನ್ನ ಕೈಯಿಂದ ಕವರ್ ತೆಗೆದು ಟ್ರೇಗೆ ಹಾಕಿಯೇ ಬಿಟ್ಟಳು. ಕ್ಯಾಮೆರಾ, ಅದರೊಳಗಿನ ಅರ್ಧ ರೋಲ್ ಸಮೇತ, ಹಿಂದೆಯೇ ಹೋಯಿತು. ಸಾಲದು ಅಂತ ಆ ಟ್ರೇಯನ್ನು ಇನ್ನೊಮ್ಮೆ ಒಳಗೆ ಕಳಿಸಿದರು. ಪರದೆಯ ಮುಂದೆ ಕೂತವನು ನಮ್ಮ ಕ್ಯಾಮೆರಾದ ಚಿತ್ರವನ್ನು ಅತ್ತಿತ್ತ ತಿರುಗಿಸಿ ತಿರುಗಿಸಿ ನೋಡುತ್ತಿದ್ದುದು ನನಗೆ ಕಾಣುತ್ತಿತ್ತು.

ಹಾಗೆ ತಿರುಗಿಸಿ ನೋಡಲು ಆಗುವುದೇ ತೊಂದರೆಯ ಮೂಲ. ಹಳೇ ಯಂತ್ರದಲ್ಲಿ ಒಂದೋ ಎರಡೋ ಕೋನದಿಂದ ಕಿರಣ ಹಾಯಿಸಿ ಚಪ್ಪಟೆ ಚಿತ್ರ ತೆಗೆಯುತ್ತಾರೆ. ಸಿಟಿಯಲ್ಲಿ ಕಿರಣದ ಮೂಲ ಚೀಲದ ಸುತ್ತ ತಿರುಗುತ್ತಾ ಎಲ್ಲ ಕೋನಗಳಿಂದ ಚಿತ್ರದ ಮೇಲೆ ಚಿತ್ರ ತೆಗೆಯುತ್ತದೆ. ಅವನ್ನು ಸೇರಿಸಿ ಕಂಪ್ಯೂಟರ್ ಮೂರು ಆಯಾಮದ ಚಿತ್ರ ಕಟ್ಟುತ್ತದೆ. ಭದ್ರತೆಗೆ ಒಳ್ಳೆಯದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಫಿಲಂಗೆ ಬೀಳುವ ಕಿರಣ ತುಂಬಾ ಜಾಸ್ತಿ. ಐಎಸ್‌ಒ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು, ಪ್ರತಿ ಸಲ ಹೋದಾಗಲೂ ಅದು ಕೂಡುತ್ತಾ ಹೋಗುತ್ತದೆ. ತೊಳೆಯದ ಫಿಲಂ ಸಿಟಿ ಯಂತ್ರಕ್ಕೆ ಹಾಕಬೇಡಿ ಅಂತ ಕೊಡಕ್, ಇಲ್ಫರ್ಡ್ ಎರಡೂ ಹೇಳುತ್ತವೆ.

ಊರಿಗೆ ಬಂದು ನಾವು ಯಾವಾಗಲೂ ಕೊಡುವ ಲ್ಯಾಬಿಗೆ ಕೊಟ್ಟೆವು. ಸ್ಕ್ಯಾನ್ ಬಂದಾಗ ಡೆಲ್ಫ್ಟ್‌ನ ಫೋಟೋಗಳಲ್ಲಿ ನೆರಳಿದ್ದ ಕಡೆಯೆಲ್ಲ ಅಕ್ಕಿ ತೊಳೆದ ನೀರಿನ ಬಣ್ಣ. ಕಪ್ಪು ಅನ್ನುವುದೇ ಇಲ್ಲ. ಮುಖದ ಮೇಲೆ ಮರಳು ಚೆಲ್ಲಿದ ಹಾಗೆ ಗ್ರೇನ್. ಎಚ್‌ಪಿ5 ಇನ್ನೂ ಕಷ್ಟ, ಕಿಂಡರ್‌ಡೈಕ್‌ನ ಆಕಾಶದ ತುಂಬ ಅಲೆ ಅಲೆಯಾಗಿ ಪಟ್ಟೆಗಳು.

ಇವರಿಗೆ ಸಿಟ್ಟು ಬಂದು ಲ್ಯಾಬಿನಲ್ಲಿ ಸ್ವಲ್ಪ ಜೋರಾಗಿಯೇ ಕೇಳಿದರು. ಅಲ್ಲಿನವರು ಬೇಜಾರು ಮಾಡಿಕೊಳ್ಳಲಿಲ್ಲ. ನೆಗೆಟಿವ್ ತಂದು ಲೈಟ್ ಟೇಬಲ್ ಮೇಲೆ ಹಾಸಿದರು. "ನೋಡಿ ಸರ್, ಇದೇ ದಿನ ಇದೇ ಕೆಮಿಕಲ್‌ನಲ್ಲಿ ತೊಳೆದ ಬೇರೆಯವರ ರೋಲ್ ಇದು" ಅಂತ ಪಕ್ಕದಲ್ಲೇ ಇನ್ನೊಂದನ್ನು ಇಟ್ಟರು. ಅದರ ಅಂಚು ತಿಳಿಯಾದ ಕಿತ್ತಳೆ. ನಮ್ಮದು ಕೊಳೆ ಹಿಡಿದಂತೆ ಕಂದು. ಫೋಟೋ ಇರುವ ಜಾಗ ಮಾತ್ರವಲ್ಲ, ಎರಡು ಫೋಟೋಗಳ ನಡುವಿನ ಖಾಲಿ ಪಟ್ಟಿ, ಹಲ್ಲಿನ ತೂತುಗಳ ಸುತ್ತ, ಎಲ್ಲ ಕಡೆ ಒಂದೇ ಮಬ್ಬು. ಕ್ಯಾಮೆರಾದಲ್ಲಿ ಬೆಳಕು ಸೋರಿದ್ದರೆ ಒಂದು ಕಡೆಯಿಂದ ಕೆಂಪು ಬಡಿಯುತ್ತಿತ್ತು, ಹೀಗೆ ಸಮವಾಗಿ ಇರುತ್ತಿರಲಿಲ್ಲ ಅಂದರು. ಆಮೇಲೆ ನಾನು ಗೆಂಟ್‌ನಲ್ಲಿ ತೊಳೆಸಿದ್ದ ನೆಗೆಟಿವ್ ತಂದು ತೋರಿಸಿದೆ. ಅದೇ ಕ್ಯಾಮೆರಾ, ಒಟ್ಟಿಗೆ ಕೊಂಡ ಅದೇ ಕೊಡಕ್ ಗೋಲ್ಡ್. ಗಾಜಿನ ಹಾಗೆ ಸ್ವಚ್ಛ. ಅವು ತೊಳೆದಾದ ಮೇಲೆ ಅದೇ ಯಂತ್ರದಲ್ಲಿ ನಮ್ಮ ಜೊತೆಗೇ ಬಂದಿದ್ದವು. ತೊಳೆದ ಫಿಲಂಗೆ ಏನೂ ಆಗುವುದಿಲ್ಲ. ಇನ್ನೇನು ಸಾಕ್ಷಿ ಬೇಕು?

ನಿಲ್ದಾಣಕ್ಕೆ ಇಮೇಲ್ ಬರೆದೆವು. ಭದ್ರತೆಯ ವಿಷಯದಲ್ಲಿ ಸಿಬ್ಬಂದಿಯ ತೀರ್ಮಾನವೇ ಕೊನೆ ಅಂತ ಎರಡು ಸಾಲಿನ ಉತ್ತರ ಬಂತು. ಬೋರ್ಡ್ ಬಗ್ಗೆ ಒಂದು ಅಕ್ಷರವೂ ಇಲ್ಲ. ನನಗೆ ಆ ಸಿಬ್ಬಂದಿಯ ಮೇಲೆ ಅಷ್ಟು ಸಿಟ್ಟಿಲ್ಲ, ಅವರು ಓದಿದ್ದನ್ನು ಹೇಳಿದರು. ಕೋಟಿಗಟ್ಟಲೆ ಯಂತ್ರ ತಂದಿಟ್ಟು ಒಂದು ಹಾಳೆ ಬದಲಿಸದವರ ಮೇಲೆ ಸಿಟ್ಟಿದೆ.

ಹಾಗಾದರೆ ಏನು ಮಾಡುವುದು? ಎಲ್ಲಕ್ಕಿಂತ ಒಳ್ಳೆಯದು ಹೋದ ಊರಲ್ಲೇ ತೊಳೆಸಿಬಿಡುವುದು. ಜಪಾನ್‌ನಂಥ ಕಡೆ ಇದು ಸುಲಭ, ದೊಡ್ಡ ಕ್ಯಾಮೆರಾ ಅಂಗಡಿಗಳಲ್ಲಿ ಬೇಗ ಮಾಡಿಕೊಡುತ್ತಾರೆ. ಯುರೋಪಿನ ದೊಡ್ಡ ಊರುಗಳಲ್ಲೂ ಲ್ಯಾಬ್ ಸಿಗುತ್ತದೆ, ಆದರೆ ದಿನ ಹಿಡಿಯುತ್ತದೆ. ಪ್ರವಾಸದ ನಡುವೆಯೇ ಕೊಡಿ, ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಹೊಸ ರೋಲ್ ಕೂಡ ಅಲ್ಲೇ ಕೊಂಡರೆ ಹೋಗುವಾಗಿನ ಚಿಂತೆಯೂ ತಪ್ಪುತ್ತದೆ.

ಅದು ಆಗದಿದ್ದರೆ ಹ್ಯಾಂಡ್ ಚೆಕ್ ಕೇಳಲೇಬೇಕು. ಅಮೆರಿಕದಲ್ಲಿ ವಿಮಾನ ನಿಲ್ದಾಣದ ಭದ್ರತೆ ನೋಡುವ ಟಿಎಸ್‌ಎಯವರೇ ಫಿಲಂಗೆ ಹ್ಯಾಂಡ್ ಚೆಕ್ ಕೇಳಿ ಅಂತ ಹೇಳುತ್ತಾರೆ, ಅಲ್ಲಿ ಜಗಳ ಕಡಿಮೆ. ಯುರೋಪಿನಲ್ಲಿ ಎದುರಿಗಿರುವ ಅಧಿಕಾರಿಯ ಮರ್ಜಿ. ಜನ ಕಡಿಮೆ ಇರುವ ಹೊತ್ತಿಗೆ, ತುಂಬಾ ಮುಂಚೆ ಹೋಗಿ. ಫಿಲಂ ಅನ್ನದೆ ಮೊದಲ ಮಾತಿಗೇ "ಇದು ಸಿಟಿ ಯಂತ್ರವಾ?" ಅಂತ ಕೇಳಿ. ಹೌದು ಅಂತ ಅವರ ಬಾಯಿಂದ ಬಂದ ಮೇಲೆ ಹಳೇ ಬೋರ್ಡ್ ತೋರಿಸುವುದು ಅವರಿಗೂ ಕಷ್ಟ. ಕೊಡಕ್‌ನ ಎಚ್ಚರಿಕೆ ಪುಟ ಫೋನಿನಲ್ಲಿ ತೆಗೆದಿಟ್ಟಿರಿ. ಐಎಸ್‌ಒ 3200ರ ಒಂದು ರೋಲ್ ಕವರಿನಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವಂತೆ ಇಟ್ಟರೆ 800ರ ಬೋರ್ಡಿನ ಪ್ರಕಾರವೇ ಅದು ಒಳಗೆ ಹೋಗುವಂತಿಲ್ಲ. ಇದು ಹಳೇ ಉಪಾಯ, ಈಗಲೂ ನಡೆಯುತ್ತದಂತೆ. ಒಪ್ಪಿದರೆ ರೋಲ್‌ಗಳ ಮೇಲೆ ಸಣ್ಣ ಪಟ್ಟಿ ಸವರಿ ಸ್ಫೋಟಕದ ಪರೀಕ್ಷೆ ಮಾಡುತ್ತಾರೆ, ಅಷ್ಟೇ. ಕ್ಯಾಮೆರಾದೊಳಗೆ ರೋಲ್ ಬಿಟ್ಟುಕೊಂಡು ಹೋಗಬೇಡಿ. ಉಳಿದ ಫೋಟೋ ತೆಗೆದು ಮುಗಿಸಿ, ಸುತ್ತಿ, ಹೊರಗೆ ತೆಗೆದಿಡಿ.

ಚೆಕ್‌ಇನ್ ಲಗೇಜಿಗಂತೂ ಹಾಕಲೇಬೇಡಿ, ಅಲ್ಲಿನ ಯಂತ್ರ ಇನ್ನೂ ಜೋರು. ಸೀಸದ ಚೀಲ ಮಾರುವವರನ್ನು ನಂಬಬೇಡಿ. ಒಳಗೇನಿದೆ ಕಾಣದಿದ್ದರೆ ಬಿಡ್ತಾರಾ? ತೆಗೆಸಿ ಮತ್ತೆ ಹಾಯಿಸುತ್ತಾರೆ. ಮದುವೆ, ನಾಮಕರಣಗಳಲ್ಲಿ ಈಗ ಎಲ್ಲರ ಕೈಯಲ್ಲೂ ಇರುವ, ತೆಗೆದ ಕೂಡಲೇ ಫೋಟೋ ಹೊರಬರುವ ಇನ್‌ಸ್ಟಾಕ್ಸ್ ಫಿಲಂ ಐಎಸ್‌ಒ 800, ಅದನ್ನೂ ಸಿಟಿಗೆ ಹಾಕಬೇಡಿ ಅಂತ ಫ್ಯೂಜಿ ಹೇಳುತ್ತದೆ. ಮೆಮೊರಿ ಕಾರ್ಡಿಗೆ ಇದ್ಯಾವುದರ ಕಾಟವೂ ಇಲ್ಲ.

ಈಗಾಗಲೇ ನಿಮ್ಮ ರೋಲ್ ಸಿಟಿಯಲ್ಲಿ ಹೋಗಿಬಂದಿದ್ದರೆ ಎಸೆಯಬೇಡಿ. ತೊಳೆಸಲು ಕೊಡುವಾಗಲೇ ಲ್ಯಾಬಿನವರಿಗೆ ಹೇಳಿ. ಪುಶ್ ಮಾಡಿಸಬೇಡಿ, ಅಂದರೆ ಮಾಮೂಲಿಗಿಂತ ಹೆಚ್ಚು ಹೊತ್ತು ತೊಳೆಸಬೇಡಿ, ಫೋಟೋ ಜೊತೆ ಮಬ್ಬೂ ಏರುತ್ತದೆ. ಒಳ್ಳೆ ಬಿಸಿಲಲ್ಲಿ ಧಾರಾಳವಾಗಿ ಬೆಳಕು ಕೊಟ್ಟು ತೆಗೆದದ್ದು ಸಾಕಷ್ಟು ಉಳಿದಿರುತ್ತದೆ, ಹೋಗುವುದು ನೆರಳು, ರಾತ್ರಿ, ಮನೆಯೊಳಗಿನದು. ಸ್ಕ್ಯಾನ್ ಮಾಡುವಾಗ ಕಪ್ಪನ್ನು ಗಟ್ಟಿ ಮಾಡಿಸಿ. ಬಣ್ಣ ತೀರಾ ಕೆಟ್ಟಿದ್ದರೆ ಕಪ್ಪುಬಿಳುಪಿಗೆ ತಿರುಗಿಸಿ ನೋಡಿ. ನಮ್ಮ ಟಬೇಬುಯಾ ಫೋಟೋಗಳಲ್ಲಿ ಕೆಲವು ಹಾಗೆ ಬದುಕಿವೆ, ಗುಲಾಬಿ ಇಲ್ಲದ ಟಬೇಬುಯಾ. ನೆಗೆಟಿವ್ ಮಾತ್ರ ಕೇಳಿ ವಾಪಸ್ ತನ್ನಿ. ಸ್ಕ್ಯಾನ್ ಕಳಿಸಿ ನೆಗೆಟಿವ್ ಎಸೆದುಬಿಡುವ ಲ್ಯಾಬ್‌ಗಳೂ ಇವೆ.