ಎಪಾಕ್ಸಿ ಗ್ರೌಟ್: ಆರು ವರ್ಷದ ಬಳಕೆಯಲ್ಲಿ ಕಂಡ ಲಾಭ ಮತ್ತು ಮಿತಿ

ಗ್ರೌಟ್ ಎಂದರೆ ಟೈಲ್ಸ್ ನಡುವಿನ ಸಂದಿ ತುಂಬುವ ಮಿಶ್ರಣ. ಅದನ್ನು ಎಪಾಕ್ಸಿಯದೇ ಹಾಕಿಸಿದ ನಮ್ಮ ಬಚ್ಚಲಿನ ನೆಲದಲ್ಲಿ ಗೆರೆ ಆರು ವರ್ಷವಾದರೂ ಕಪ್ಪಾಗಿಲ್ಲ, ಉದುರಿಲ್ಲ. ಬೋರ್‌ವೆಲ್ ನೀರು, ವಾರಕ್ಕೊಮ್ಮೆ ಆಸಿಡ್ ಕ್ಲೀನರ್ ಬೀಳುವ ಮನೆಯಲ್ಲಿ ಬಿಳಿ ಸಿಮೆಂಟು ಇಷ್ಟು ಕಾಲ ತಾಳುವುದಿಲ್ಲ; ಆಸಿಡ್ ಅದನ್ನು ಕರಗಿಸುತ್ತಲೇ ಹೋಗುತ್ತದೆ. ಹಾಗಂತ ಎಲ್ಲ ಕಡೆ ಎಪಾಕ್ಸಿ ಹಾಕಿಸಿ ಎಂದು ಹೇಳಲಾರೆ. ಕೆಲಸ ಕೆಟ್ಟರೆ ಇದು ಪೂರ್ತಿ ದಂಡದ ಖರ್ಚು. ಕೆಡುವುದೂ ಬಹುತೇಕ ಡಬ್ಬಿ ತೆರೆಯುವ ಮೊದಲೇ.

ಅಂಗಡಿಯಲ್ಲಿ ಎಪಾಕ್ಸಿ ಎಂದು ಕೊಡುವುದೆಲ್ಲ ಎಪಾಕ್ಸಿ ಅಲ್ಲ. ಪುಡಿಗೆ ನೀರನ್ನೋ ಹಾಲಿನಂಥ ಲೇಟೆಕ್ಸ್ ದ್ರವವನ್ನೋ ಕಲಸುವುದಾದರೆ ಅದು ಪಾಲಿಮರ್ ಸೇರಿಸಿದ ಸಿಮೆಂಟ್ ಗ್ರೌಟ್, ಅಷ್ಟೆ. ಅಸಲಿ ಎಪಾಕ್ಸಿ ಗ್ರೌಟ್ ನಮ್ಮಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಲ್ಲಿ ಬರುತ್ತದೆ: ರೆಸಿನ್ (ಅಂಟಿನಂಥ ರಾಳ), ಅದನ್ನು ಗಟ್ಟಿಯಾಗಿಸುವ ಹಾರ್ಡನರ್, ಬಣ್ಣದ ಫಿಲ್ಲರ್ ಪುಡಿ. ಪ್ಯಾಕೆಟ್ ಮೇಲೆ ಇಎನ್ 13888 (ಗ್ರೌಟಿನ ಯುರೋಪಿಯನ್ ಮಾನದಂಡ) ಎಂದು ಬರೆದಿದ್ದರೆ ಪಕ್ಕದಲ್ಲಿ ರೆಸಿನ್ ಜಾತಿಯ ಗುರುತಾದ ಆರ್‌ಜಿ ಇದೆಯೇ ನೋಡಿ. ಸಿಜಿ ಎಂದಿದ್ದರೆ ಅದು ಸಿಮೆಂಟಿನ ಜಾತಿ.

ಎಷ್ಟು ಬೇಕು ಎಂಬುದಕ್ಕೆ ಮೇಸ್ತ್ರಿಯ ಅಂದಾಜು ನಂಬಬೇಡಿ, ಲೆಕ್ಕ ಸುಲಭ. ಟೈಲಿನ ಉದ್ದ ಮತ್ತು ಅಗಲವನ್ನು ಕೂಡಿ, ಅವೆರಡರ ಗುಣಲಬ್ಧದಿಂದ ಭಾಗಿಸಿ. ಬಂದದ್ದನ್ನು ಟೈಲಿನ ದಪ್ಪ, ಗೆರೆಯ ಅಗಲ ಮತ್ತು 1.6ರಿಂದ ಗುಣಿಸಿ. ಅಳತೆಯೆಲ್ಲ ಮಿ.ಮೀ.ನಲ್ಲಿರಲಿ, ಉತ್ತರ ಒಂದು ಚದರ ಮೀಟರಿಗೆ ಇಷ್ಟು ಕೆ.ಜಿ. ಎಂದು ಬರುತ್ತದೆ. 5×8 ಅಡಿಯ ಬಚ್ಚಲಿನ ನೆಲಕ್ಕೆ 300×300ರ 8 ಮಿ.ಮೀ. ದಪ್ಪದ ಟೈಲ್ಸ್, 3 ಮಿ.ಮೀ. ಗೆರೆ ಇದ್ದರೆ ಸುಮಾರು 1 ಕೆ.ಜಿ. ಗೋಡೆಗೆ ಬಾಗಿಲಿನ ಜಾಗ ಬಿಟ್ಟು 7 ಅಡಿವರೆಗೆ 300×600ರ 9 ಮಿ.ಮೀ. ಟೈಲ್ಸ್, 2 ಮಿ.ಮೀ. ಗೆರೆಯಾದರೆ ಸುಮಾರು 2.2 ಕೆ.ಜಿ. ವೇಸ್ಟ್ ಸೇರಿ ಒಟ್ಟು ಮೂರೂವರೆ ಕೆ.ಜಿ. ಹಿಡಿಯಿರಿ.

ಈಗ ಕೆಲಸ ಕೆಡುವ ಜಾಗಕ್ಕೆ ಬರೋಣ. ಟೈಲ್ಸನ್ನು ಒಂದಕ್ಕೊಂದು ಅಂಟಿಸಿ ಕೂರಿಸುವುದು ನಮ್ಮಲ್ಲಿ ಒಂದು ಚಟವೇ ಆಗಿದೆ. 'ಜಾಯಿಂಟ್ ಕಾಣಬಾರದು ಸಾರ್' ಎನ್ನುತ್ತಾರೆ. ಕೂದಲೆಳೆಯಷ್ಟು ಸಂದಿಗೆ ಎಪಾಕ್ಸಿ ಇಳಿಯುವುದೇ ಇಲ್ಲ, ಮೇಲೆ ಸವರಿದಂತಾಗಿ ಕೆಲವೇ ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಟೈಲ್ಸ್ ನಡುವೆ ಸಂದಿ ಬಿಡಿಸಲು ಇಡುವ ಪ್ಲಾಸ್ಟಿಕ್ ತುಂಡು, ಅಂದರೆ ಸ್ಪೇಸರ್, ಕನಿಷ್ಠ 2 ಮಿ.ಮೀ.ನದು ಇಡಿಸಿ. ಸ್ಪೇಸರ್ ಇಟ್ಟರೂ ಸಂದಿಯಲ್ಲಿ ಸಿಮೆಂಟ್ ಹಾಲು ಅಥವಾ ಟೈಲ್ ಗಮ್ (ಟೈಲ್ ಅಂಟಿಸುವ ಗಾರೆ) ಉಕ್ಕಿ ನಿಂತಿರುತ್ತದೆ. ಅದು ಹಸಿಯಿರುವಾಗಲೇ ಕೆರೆದು ತೆಗೆಯಬೇಕು. ಟೈಲಿನ ದಪ್ಪದ ಮೂರನೇ ಎರಡು ಭಾಗವಾದರೂ ಖಾಲಿ ಇರಲಿ, ಒಣಗಿರಲಿ. ಹಳೆಯ ಗೆರೆ ಕೀಳುವುದಕ್ಕೂ ಇದೇ ಅಳತೆ; ಗ್ರೈಂಡರ್ ಓಡಿಸಿದರೆ ಟೈಲಿನ ಅಂಚು ಚಕ್ಕೆ ಏಳುತ್ತದೆ, ಕೈಗರಗಸವೇ ವಾಸಿ.

ಕಲಸುವಾಗ ಮೊದಲು ರೆಸಿನ್ ಮತ್ತು ಹಾರ್ಡನರ್ ಎರಡನ್ನೇ ಪೂರ್ತಿ ಬೆರೆಸಿ, ಆಮೇಲೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಹೋಗಬೇಕು. ಮಿಶ್ರಣ ಮಂದವಾಯಿತೆಂದು ನೀರನ್ನೋ ಥಿನ್ನರನ್ನೋ ಸೇರಿಸಿದರೆ ಮುಗಿಯಿತು, ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಅರ್ಧ ಪ್ಯಾಕ್ ಸಾಕಾದರೆ ಮೂರನ್ನೂ ತಕ್ಕಡಿಯಲ್ಲಿ ತೂಗಿ ಅರ್ಧ ಮಾಡಿ, ಕಣ್ಣಳತೆ ಬೇಡ. ಕಲಸಿದ್ದನ್ನು ಬಕೆಟಿನಲ್ಲಿ ಗುಡ್ಡೆಯಾಗಿ ಬಿಟ್ಟರೆ ಅದರದೇ ಬಿಸಿಗೆ ಬೇಗ ಸೆಟ್ ಆಗುತ್ತದೆ, ಅಗಲವಾದ ಹಲಗೆಯ ಮೇಲೆ ಹರಡಿಡಿ. ಸಿಗುವ ಸಮಯ ಸುಮಾರು ಮುಕ್ಕಾಲು ಗಂಟೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ, ಬೆಳಗ್ಗೆಯೇ ಮುಗಿಸಿಕೊಳ್ಳಿ. ಕೈಗೆ ನೈಟ್ರೈಲ್ ಗ್ಲೌಸ್ ಬೇಕೇ ಬೇಕು. ಹಾರ್ಡನರ್ ಚರ್ಮಕ್ಕೆ ತಾಗಿ ಅಲರ್ಜಿ ಶುರುವಾದರೆ ಮತ್ತೆ ಮತ್ತೆ ಕಾಡುತ್ತದೆ.

ರಬ್ಬರ್ ಫ್ಲೋಟನ್ನು (ಹಿಡಿಯಿರುವ ಚಪ್ಪಟೆ ರಬ್ಬರ್ ಹಲಗೆ) ಗೆರೆಗೆ ಓರೆಯಾಗಿ ಎಳೆದು ಒತ್ತಿ ತುಂಬಿ. ಒಂದು ಸಲಕ್ಕೆ 15–20 ಚದರಡಿ ಸಾಕು. ತಕ್ಷಣ ಸೋಪು ಬೆರೆಸಿದ ಉಗುರುಬೆಚ್ಚನೆಯ ನೀರು, ನೈಲಾನ್ ಸ್ಕ್ರಬರ್, ಅದರ ಹಿಂದೆಯೇ ಹಿಂಡಿದ ಸ್ಪಂಜು. ನೀರು ಕದಡಿದ ಕೂಡಲೇ ಬದಲಿಸಬೇಕು, ಕಲಸಿದ ಮೇಲೆ ಎಡವುವವರು ಎಡವುವುದು ಇಲ್ಲೇ. ಕದಡಿದ ನೀರಿನಲ್ಲಿ ಒರೆಸಿದರೆ ಟೈಲ್ಸ್ ಮೇಲೆ ಮಸುಕು ಪದರ ಕೂರುತ್ತದೆ. ಹೊಳಪಿನ ಟೈಲ್ಸಲ್ಲಿ ಮರುದಿನವೂ ಉಜ್ಜಿ ತೆಗೆಯಬಹುದೇನೋ, ಮ್ಯಾಟ್ ಟೈಲ್ಸಲ್ಲಿ ಎಪಾಕ್ಸಿ ರಿಮೂವರ್ ತರಲೇಬೇಕು. 24 ಗಂಟೆ ಕಾಲಿಡಬೇಡಿ, ಆಸಿಡ್ ಕ್ಲೀನರ್ ಏಳು ದಿನ ಬೇಡ.

ಇನ್ನು ಮಿತಿಗಳು. ಎಪಾಕ್ಸಿ ಹಾಕಿಸಿದರೆ ಕೆಳಗಿನ ಮನೆಯ ಸೀಲಿಂಗ್ ಲೀಕ್ ನಿಲ್ಲುತ್ತದೆ ಎನ್ನುವವರನ್ನು ನಂಬಬೇಡಿ. ನೀರು ಇಳಿಯುವುದು ನಹಾನಿ ಟ್ರ್ಯಾಪಿನ (ನೆಲದ ನೀರು ಹೋಗುವ ಜಾಲರಿಯ ಕೆಳಗಿನ ಬಾಗು) ಸುತ್ತ, ಪೈಪ್ ತೂರಿದ ಜಾಗಗಳಲ್ಲಿ, ಸಂಕನ್ ಸ್ಲ್ಯಾಬಿನ (ಪೈಪ್ ಹಾಯಿಸಲು ತಗ್ಗಿಸಿ ಕಟ್ಟಿದ ಬಚ್ಚಲಿನ ಸ್ಲ್ಯಾಬ್) ಮೂಲೆಗಳಲ್ಲಿ. ಟೈಲ್ಸ್ ಹಾಕುವ ಮುಂಚೆ ವಾಟರ್‌ಪ್ರೂಫಿಂಗ್ ಮಾಡಿ, ಟ್ರ್ಯಾಪ್ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ ನೋಡುವುದಕ್ಕೆ ಬದಲಿ ಇಲ್ಲ. ಸಂಕನ್ನಿನೊಳಗೆ ಆಗಲೇ ನೀರು ಕೂತಿದ್ದರೆ ಮೇಲೆ ಎಪಾಕ್ಸಿ ಹಾಕಿದಾಗ ತೇವ ಮೇಲಿನಿಂದ ಆರುವ ದಾರಿಯೂ ಮುಚ್ಚಿ, ಪಕ್ಕದ ಕೋಣೆಯ ಗೋಡೆಯ ಪೇಂಟ್ ಉಬ್ಬುತ್ತದೆ.

ನೆಲ ಗೋಡೆ ಸೇರುವ ಮೂಲೆಗೂ ಎಪಾಕ್ಸಿ ತುಂಬಿಸುವುದುಂಟು. ಅದು ಬಾಗುವುದಿಲ್ಲ, ಕಟ್ಟಡ ಸ್ವಲ್ಪ ಅಲುಗಿದರೂ ಅಲ್ಲೇ ಬಿರುಕು. ಅಲ್ಲಿ, ಸಿಂಕಿನ ಅಂಚಿನಲ್ಲಿ, ಕಮೋಡಿನ ಬುಡದಲ್ಲಿ ಬೂಸ್ಟು ಹಿಡಿಯದ ಸ್ಯಾನಿಟರಿ ಸಿಲಿಕೋನ್ ಹಾಕಿಸಿ. ಕೆಲವು ವರ್ಷಕ್ಕೊಮ್ಮೆ ಅದನ್ನು ಕಿತ್ತು ಹೊಸದು ಹಾಕಬೇಕಾಗುತ್ತದೆ.

ಅಡುಗೆಮನೆಯಲ್ಲಿ ಒಲೆಯ ಹಿಂದಿನ ಗೋಡೆಗೆ ಇದರಷ್ಟು ಅನುಕೂಲದ್ದು ಬೇರೆ ಕಂಡಿಲ್ಲ. ಒಗ್ಗರಣೆಯ ಎಣ್ಣೆ ಒರೆಸಿದರೆ ಹೋಗುತ್ತದೆ. ಅರಿಸಿನ ಮಾತ್ರ ಬಿಳಿ ಗೆರೆಯ ಮೇಲೆ ರಾತ್ರಿಯಿಡೀ ಬಿಟ್ಟರೆ ತೆಳು ಹಳದಿ ಉಳಿಸುತ್ತದೆ. ಕಿಟಕಿಯ ಬಿಸಿಲು ಬೀಳುವ ಕಡೆ ಬಿಳಿ ಎಪಾಕ್ಸಿ ತಾನಾಗಿಯೇ ಹಳದಿಗೆ ತಿರುಗುತ್ತದೆ, ಅಲ್ಲಿಗೆ ಬೂದು ಬಣ್ಣವೇ ಸರಿ. ದುಡ್ಡು ಬಿಗಿಯಿದ್ದರೆ ಬಚ್ಚಲಿನ ನೆಲ, ಶವರ್ ಗೋಡೆ, ಒಲೆಯ ಹಿಂಭಾಗ ಇಷ್ಟಕ್ಕೆ ಹಾಕಿಸಿ, ಉಳಿದ ಗೋಡೆಗೆ ಪಾಲಿಮರ್ ಸಿಮೆಂಟ್ ಗ್ರೌಟ್ ಸಾಕು. ಮುಂದೆ ನಲ್ಲಿ ರಿಪೇರಿಗೆಂದು ಟೈಲ್ ಒಡೆಸಬೇಕಾದರೆ ಬಣ್ಣ ಹೊಂದಲೆಂದು ಅದೇ ಶೇಡ್ ನಂಬರನ್ನು ಬರೆದಿಡಿ.