ಮೀಥೇನ್ ಜ್ವಾಲೆಗೆ ಡಿಆರ್‌ಎಂ-19 ಸಾಕು

ಎಂಟು ಕೋರ್‌ನ ಡೆಸ್ಕ್‌ಟಾಪ್‌ನಲ್ಲಿ ಓಪನ್‌ಫೋಮ್ (ಹರಿವು, ದಹನಗಳನ್ನು ಲೆಕ್ಕ ಹಾಕುವ ತಂತ್ರಾಂಶ) ಹಾಕಿಕೊಂಡು ಲೆಕ್ಕದಲ್ಲಿ ಮೀಥೇನ್ ಉರಿಸುವವರಿಗೆ ನಾನು ಹೇಳುವುದು ಡಿಆರ್‌ಎಂ-19 ಅಂತಲೇ. ಅದೊಂದು ಮೆಕ್ಯಾನಿಸಂ, ಅಂದರೆ ಇಂಧನ ಉರಿಯುವಾಗ ನಡೆಯುವ ರಾಸಾಯನಿಕ ಕ್ರಿಯೆಗಳ ಪಟ್ಟಿ. ಇಡೀ ದಹನವನ್ನು ಒಂದೇ ಕ್ರಿಯೆಯಲ್ಲಿ ಮುಗಿಸುವ ಒಂದೇ ಹೆಜ್ಜೆಯ ಮೆಕ್ಯಾನಿಸಂ, ಮಧ್ಯಮ ಗಾತ್ರದ ಡಿಆರ್‌ಎಂ-19, ದೊಡ್ಡದಾದ ಜಿಆರ್‌ಐ 3.0 ಮೂರನ್ನೂ ಒಂದೇ ಬರ್ನರ್ ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಸೆಲ್‌ಗಳಾಗಿ ಒಡೆದ ಬಲೆ) ಮೇಲೆ ಓಡಿಸಿ ನೋಡಿದ ಮೇಲಿನ ಮಾತಿದು.

ಬೇಗ ಮುಗಿಯುತ್ತದೆಂದು ಎಲ್ಲರೂ ಶುರು ಮಾಡುವುದು ಒಂದೇ ಹೆಜ್ಜೆಯದರಿಂದ. ತೊಡಕೂ ಅಲ್ಲಿಂದಲೇ. ಇದರಲ್ಲಿ ಕ್ರಿಯೆಯ ವೇಗವೆಂದರೆ ಒಂದು ಗುಣಾಂಕವನ್ನು ಇಂಧನ, ಆಮ್ಲಜನಕಗಳ ಸಾಂದ್ರತೆಗಳ ಘಾತಗಳಿಂದ ಗುಣಿಸಿದ್ದು. ವೆಸ್ಟ್‌ಬ್ರೂಕ್ ಮತ್ತು ಡ್ರೈಯರ್ 1981ರಲ್ಲಿ ಕೊಟ್ಟ ಸಂಖ್ಯೆಗಳ ಒಂದು ಜೋಡಿಯಲ್ಲಿ ಮೀಥೇನ್‌ನ ಘಾತ -0.3, ಆಮ್ಲಜನಕದ್ದು 1.3. ಘಾತ ಋಣವಾಗಿರುವುದರಿಂದ ಇಂಧನ ತೀರುತ್ತ ಬಂದಷ್ಟೂ ಕ್ರಿಯೆಯ ವೇಗ ಏರುತ್ತದೆ. ಗಾಳಿ ಹೆಚ್ಚಿರುವ ಮಿಶ್ರಣದಲ್ಲಂತೂ ರಸಾಯನದ ಟೈಮ್ ಸ್ಟೆಪ್ (ಲೆಕ್ಕ ಒಂದು ಸಲಕ್ಕೆ ಮುಂದೆ ಹೋಗುವ ಕಾಲ) ತೀರಾ ಸಣ್ಣದಾಗಿ ಲೆಕ್ಕ ಮುಂದೆ ಸಾಗುವುದೇ ಇಲ್ಲ. ರಾಸಾಯನಿಕ ಕ್ರಿಯೆಗಳನ್ನು ಲೆಕ್ಕ ಹಾಕುವ ಇನ್ನೊಂದು ತಂತ್ರಾಂಶ ಕ್ಯಾಂಟೆರಾದಲ್ಲಾದರೆ ಋಣ ಘಾತಕ್ಕೆ ಫೈಲಿನಲ್ಲಿ ಪ್ರತ್ಯೇಕ ಅನುಮತಿ ಬರೆಯಬೇಕು. ಅದು ಒಳ್ಳೆಯ ಕಾವಲು.

ಆಗ 0.2 ಮತ್ತು 1.3ರ ಇನ್ನೊಂದು ಜೋಡಿಗೆ ಹೊರಳುತ್ತೇವೆ. ಇಲ್ಲಿ ಎಚ್ಚರ ಬೇಕು. ಮೊದಲ ಜೋಡಿಯಲ್ಲಿ ಘಾತಗಳ ಮೊತ್ತ 1, ಹಾಗಾಗಿ ಗುಣಾಂಕ 1.3×10⁸ ಅನ್ನು ಸಾಂದ್ರತೆಯ ಯಾವ ಮಾನದಲ್ಲಾದರೂ ಹಾಗೇ ಹಾಕಬಹುದು. ಎರಡನೆಯದರಲ್ಲಿ ಮೊತ್ತ 1.5. ಮೂಲದ 6.7×10¹² ಇರುವುದು ಸೆಂಟಿಮೀಟರ್-ಮೋಲ್ ಲೆಕ್ಕದಲ್ಲಿ, ಓಪನ್‌ಫೋಮ್ ಕೇಳುವುದು ಮೀಟರ್-ಕಿಲೋಮೋಲ್ ಲೆಕ್ಕವನ್ನು. ಸಾವಿರದ ವರ್ಗಮೂಲ 31.6ರಿಂದ ಭಾಗಿಸಿ 2.119×10¹¹ ಬರೆಯಬೇಕು. ಮರೆತರೆ ಯಾವ ಎರರ್ ಕೂಡ ಬರುವುದಿಲ್ಲ, ಜ್ವಾಲೆಯೂ ಉರಿಯುತ್ತದೆ. ಆದರೆ ಜ್ವಾಲೆಯ ವೇಗ ಕ್ರಿಯಾವೇಗದ ವರ್ಗಮೂಲದಂತೆ ಬೆಳೆಯುವುದರಿಂದ, ಐದೂವರೆ ಪಟ್ಟು ವೇಗ ಪಡೆದ ಜ್ವಾಲೆ ಬರ್ನರ್ ಬಾಯಿಯೊಳಕ್ಕೇ ನುಗ್ಗುತ್ತದೆ. ತಪ್ಪು ಮೆಶ್‌ನದ್ದೆಂದುಕೊಂಡು ಅದನ್ನು ಸಣ್ಣದು ಮಾಡುತ್ತ ಹೋದರೆ ದಿನಗಟ್ಟಲೆ ವ್ಯರ್ಥ. ಸಕ್ರಿಯಣ ಶಕ್ತಿ (ಕ್ರಿಯೆ ಶುರುವಾಗಲು ದಾಟಬೇಕಾದ ಶಕ್ತಿ), ಅಂದರೆ ಮೋಲ್‌ಗೆ 48.4 ಕಿಲೋಕ್ಯಾಲರಿಯನ್ನೂ ಅನಿಲ ಸ್ಥಿರಾಂಕದಿಂದ ಭಾಗಿಸಿ ಸುಮಾರು 24,360 ಕೆಲ್ವಿನ್ ಎಂದೇ ಕೊಡಬೇಕು.

ಇಷ್ಟು ಸರಿಪಡಿಸಿದರೂ ಉಷ್ಣತೆ ಸರಿಬರುವುದಿಲ್ಲ. ಇದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇಲ್ಲ, ಹೈಡ್ರೋಜನ್ ಇಲ್ಲ; ಬಿಸಿಯಲ್ಲಿ ಒಡೆದು ಶಾಖ ಹೀರುವ ದಾರಿಯೇ ಇಲ್ಲ. ಸರಿಪ್ರಮಾಣದ ಮಿಶ್ರಣ ಸುಮಾರು 2225 ಕೆಲ್ವಿನ್‌ಗೆ ನಿಲ್ಲುವ ಬದಲು ನೂರು ಕೆಲ್ವಿನ್ ಮೇಲೇರುತ್ತದೆ. ಆ ಉಷ್ಣತೆಯಿಂದ ನೈಟ್ರಿಕ್ ಆಕ್ಸೈಡ್ ಲೆಕ್ಕ ಹಾಕಿದರೆ ಝೆಲ್ಡೊವಿಚ್ ಕ್ರಿಯೆಯ (ಬಿಸಿಗೆ ಗಾಳಿಯ ನೈಟ್ರೋಜನ್ ನೈಟ್ರಿಕ್ ಆಕ್ಸೈಡ್ ಆಗುವ ದಾರಿ) ವೇಗ ಎರಡು ಪಟ್ಟಿಗೂ ಮಿಕ್ಕುತ್ತದೆ.

ಜಿಆರ್‌ಐ 3.0ರಲ್ಲಿ 53 ಪದಾರ್ಥಗಳು, 325 ಕ್ರಿಯೆಗಳು. ಫಲಿತಾಂಶದ ಬಗ್ಗೆ ದೂರಿಲ್ಲ, ಭಾರ ಮಾತ್ರ ಜಾಸ್ತಿ.

ಡಿಆರ್‌ಎಂ-19ರಲ್ಲಿ ನೈಟ್ರೋಜನ್, ಆರ್ಗಾನ್ ಸೇರಿ 21 ಪದಾರ್ಥಗಳು, 84 ಕ್ರಿಯೆಗಳು. ಪ್ರತಿ ಸೆಲ್‌ನಲ್ಲೂ ಬಿಡಿಸಬೇಕಾದ ಮ್ಯಾಟ್ರಿಕ್ಸ್‌ನ ಖರ್ಚು ಪದಾರ್ಥಗಳ ಸಂಖ್ಯೆಯ ಘನದಂತೆ ಏರುವುದರಿಂದ, ಆ ಭಾಗದಲ್ಲಿ ಜಿಆರ್‌ಐಗಿಂತ ಹದಿನಾರು ಪಟ್ಟು ಹಗುರ. ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡುವ, ಕ್ಲಸ್ಟರ್‌ಗೆ ಬಾಡಿಗೆ ಕೊಡಲಾಗದ ನನ್ನಂಥವರಿಗೆ ಇದೇ ಹೊಂದುತ್ತದೆ. ನೈಟ್ರಿಕ್ ಆಕ್ಸೈಡ್ ಇದರಲ್ಲಿಲ್ಲ. ಅದು ಬೇಕಾದಾಗ ಡಿಆರ್‌ಎಂ-19ರಲ್ಲಿ ಜ್ವಾಲೆ ನೆಲೆಗೊಳ್ಳಲು ಬಿಟ್ಟು, ಅದೇ ಕೊನೆಯ ಟೈಮ್ ಫೋಲ್ಡರ್‌ನಿಂದ (ಆ ಹೊತ್ತಿನ ಫಲಿತಾಂಶ ಉಳಿಸಿದ ಫೋಲ್ಡರ್) ಜಿಆರ್‌ಐ ಶುರು ಮಾಡಿ. ಹೊಸ ಪದಾರ್ಥಗಳಿಗೆಲ್ಲ ಶೂನ್ಯ ಬೆಲೆಯ ಒಂದು ವೈಡೀಫಾಲ್ಟ್ (Ydefault) ಫೈಲ್ ಇಟ್ಟರೆ ಸಾಕು.